ಮೀನು ಒಪ್ಪದ ನೊಣ

ಒಂದು ನೊಣಕ್ಕೆ ನಾನೂರ ಐವತ್ತು ರೂಪಾಯಿ ಕೊಟ್ಟೆ, ಕೊರಿಯರ್ ಖರ್ಚು ಬೇರೆ. ಸಾಗರದ ಪೇಟೆಯಲ್ಲಿ ಗಾಳ, ಬಲೆ, ನೈಲಾನ್ ದಾರ ಮಾರಿಕೊಂಡು ಮನೆ ಕಟ್ಟಿಸಿದವನು ನಾನು; ಯಾರಿಗೂ ಹೇಳಿದಷ್ಟು ಬೆಲೆ ಕೊಟ್ಟವನಲ್ಲ. ಆದರೆ ಮೊಬೈಲಿನೊಳಗಿನ ಅಂಗಡಿಯ ಜೊತೆ ಚೌಕಾಸಿ ಮಾಡುವುದು ಹೇಗೆ? ಕೊಂಡದ್ದು ಹೊಳೆಗೆ ಹಾಕಲು ಅಲ್ಲ. ಇಷ್ಟು ಬೆಲೆಗೆ ಹೋಗುವ ಮಾಲಿನಲ್ಲಿ ಅಂಥದ್ದೇನಿದೆ ಎಂದು ಬಿಚ್ಚಿ ನೋಡಬೇಕಿತ್ತು. ಗುಟ್ಟು ತಿಳಿದರೆ ಅರ್ಧ ಬೆಲೆಗೆ ಇಲ್ಲೇ ಕಟ್ಟಿಸಿ ಮಾರಬಹುದಲ್ಲ.

ನೊಣ ಎಂದರೆ ಊಟದ ಎಲೆಯ ಮೇಲೆ ಕೂರುವ ನೊಣವಲ್ಲ. ಗಾಳದ ಕೊಕ್ಕೆಗೆ ಗರಿ, ದಾರ, ಕೂದಲಿನಂಥ ತಂತಿ ಸುತ್ತಿ, ಮೀನಿಗೆ ಹುಳದಂತೆ ಕಾಣಿಸುವ ಹಾಗೆ ಕಟ್ಟಿದ್ದು. ಎರೆಹುಳ ಬೇಡ, ಹಿಟ್ಟಿನುಂಡೆ ಬೇಡ. ಉದ್ದ ಕೋಲಿನಿಂದ ಬೀಸಿ ನೀರಿನ ಮೇಲೆ ಇಳಿಸಿದರೆ ಮೀನು ಮೋಸ ಹೋಗಿ ಬಾಯಿ ಹಾಕಬೇಕು. ಇಂಗ್ಲಿಷಿನವರು ಫ್ಲೈ ಎನ್ನುತ್ತಾರೆ. ನಮ್ಮ ಬೀದಿಯಲ್ಲಿ ಅದು ನೊಣವೇ.

ಪೊಟ್ಟಣ ಒಡೆದು ಕಣ್ಣಿನ ಹತ್ತಿರ ಹಿಡಿದೆ. ಅದರ ತಲೆಗೆ ಬಳಿದಿದ್ದ ವಾರ್ನಿಷ್ಷಿನ ವಾಸನೆ ಮೂಗಿಗೆ ಬಡಿಯಿತು... ನನ್ನ ಪಕ್ಕದ ಅಂಗಡಿಯಲ್ಲಿ ವರ್ಷಗಟ್ಟಲೆ ಇದ್ದ ವಾಸನೆ ಅದು. ಈಗ ಅಲ್ಲಿ ಮೊಬೈಲ್ ರಿಪೇರಿ ಮಾಡುತ್ತಾರೆ.

ಆಗ ಅಲ್ಲಿದ್ದವರು ವೈಂಡಿಂಗಣ್ಣ. ಸುಟ್ಟುಹೋದ ಪಂಪ್‌ಸೆಟ್ ಮೋಟಾರುಗಳಿಗೆ ಹೊಸದಾಗಿ ತಾಮ್ರದ ತಂತಿ ಸುತ್ತಿ ವಾರ್ನಿಷ್ ಹಚ್ಚುವುದು ಅವರ ಕಸುಬು. ಬೀದಿಗೆಲ್ಲ ಅದೇ ಅವರ ಹೆಸರು. ವಯಸ್ಸಿನಲ್ಲಿ ನನಗಿಂತ ಬಹಳ ದೊಡ್ಡವರು. ಇಸ್ತ್ರಿ ಮುರಿಯದ ಪಂಚೆ, ಕಿವಿಯ ಸಂದಿಯಲ್ಲಿ ಪೆನ್ಸಿಲ್ ಇರಬೇಕಾದಲ್ಲಿ ಒಂದು ಕೋಳಿಗರಿ. ಮಾತು ಬಹಳ, ಹೆಮ್ಮೆ ಅದಕ್ಕಿಂತ ಬಹಳ. ಹರೆಯದಲ್ಲಿ ಚಿಕ್ಕಮಗಳೂರಿನ ಕಡೆ ಕಾಫಿ ತೋಟವೊಂದರಲ್ಲಿ ಕೆಲಸಕ್ಕಿದ್ದರಂತೆ. ಅಲ್ಲಿನ ಮ್ಯಾನೇಜರು ಹೊಳೆಯ ಹುಚ್ಚಿನವರು. ಅವರಿಂದ ನೊಣ ಕಟ್ಟುವುದನ್ನೂ ಕಲಿತು, ಸೀಳುಬಿದಿರಿನ ಒಂದು ಕೋಲನ್ನೂ ಪಡೆದು, ಹೊರಲಾರದಷ್ಟು ಕಥೆಗಳನ್ನೂ ಹೊತ್ತುಕೊಂಡು ಬಂದಿದ್ದರು.

ನನಗೆ ಅವರನ್ನು ಕಂಡರೆ ಹೊಟ್ಟೆಕಿಚ್ಚು. ಇದನ್ನು ಸುತ್ತಿ ಬಳಸಿ ಹೇಳುವುದರಲ್ಲಿ ಲಾಭವಿಲ್ಲ. ಸೈಕಲ್ಲಿನ ಹಿಂದೆ ಬುಟ್ಟಿ ಕಟ್ಟಿಕೊಂಡು, ಹೊಸನಗರದ ಸಂತೆಯಿಂದ ಹುಂಚದ ಬಸ್‌ಸ್ಟ್ಯಾಂಡಿನವರೆಗೆ ಗಾಳ ಮಾರಿ ಅಂಗಡಿ ಮಾಡಿದವನು ನಾನು. ನನ್ನಲ್ಲಿ ಮಾಲಿತ್ತು, ಫ್ಯಾನಿತ್ತು, ಗಿರಾಕಿಗೆ ಕೂರಲು ಕುರ್ಚಿಯಿತ್ತು. ಅವರಲ್ಲಿ ಇದ್ದದ್ದು ಒಂದು ಕಾಲು ಕುಂಟುವ ಬೆಂಚು. ಆದರೂ ಜನ ನನ್ನ ಹತ್ತಿರ ದಾರ ಕೊಂಡು ಹೋಗಿ ಕೂರುತ್ತಿದ್ದದ್ದು ಆ ಬೆಂಚಿನ ಮೇಲೆ. ಅಲ್ಲಿಂದ ನಗು ಕೇಳಿದಾಗಲೆಲ್ಲ ನಾನು ಒರೆಸಿದ ಗಾಜನ್ನೇ ಮತ್ತೆ ಒರೆಸುತ್ತಿದ್ದೆ.

ಏನು ಕಥೆ ಅಂತೀರಿ? ನೈಲಾನ್ ಬರುವ ಮೊದಲು ಕೊಕ್ಕೆಗೆ ಕಟ್ಟುವ ದಾರವನ್ನು ರೇಷ್ಮೆ ಹುಳದ ಹೊಟ್ಟೆಯಿಂದ ಎಳೆಯುತ್ತಿದ್ದರಂತೆ. ಹುಳವನ್ನು ಹುಳಿನೀರಿನಲ್ಲಿ ನೆನೆಸಿ, ಒಳಗಿನ ರೇಷ್ಮೆಯ ಚೀಲವನ್ನು ಎರಡೂ ಕಡೆ ಹಿಡಿದು ಜಗ್ಗಿ ಒಣಗಿಸುವುದು. ಬಿಳಿಯರು ಹೊಳೆಗೆ ಒಯ್ಯುತ್ತಿದ್ದ ಶೋಕಿಯ ಕೋಲುಗಳಿಗೆ ಒಂದು ಕಾಲದಲ್ಲಿ ಬಿದಿರು ಹೋಗುತ್ತಿದ್ದದ್ದು ಕಲ್ಕತ್ತದಿಂದ. ಅಮೆರಿಕದಲ್ಲಿ ಟೋಪಿ ಹೊಲಿಯುವ ಒಬ್ಬ ಹೆಂಗಸು ಮನೆಗೆಲಸ ಅರ್ಧಕ್ಕೆ ಬಿಟ್ಟು, ಹೊಸ ನೊಣ ಕಟ್ಟಿ, ಹೊಳೆಗೆ ಹೋಗಿ, ಪೇಪರಿನಲ್ಲಿ ಬರುವಂಥ ಮೀನು ಹಿಡಿದು ತಂದಳಂತೆ. ಇಂಗ್ಲೆಂಡಿನ ಒಬ್ಬ ತಂಬಾಕು ಅಂಗಡಿಯವನು ಟಗರಿನ ಹೇಳಬಾರದ ಜಾಗದ ಉಣ್ಣೆಯಿಂದ ನೊಣ ಕಟ್ಟಿ, ಅದೇನೆಂದು ಬಾಯಿ ಬಿಡದೆ ಮಾರಿದ. ಅವನು ತೀರಿಕೊಂಡ ಮೇಲೆ ಮಗಳೂ ಗುಟ್ಟು ಕಾಪಾಡಿಕೊಂಡು ಅದನ್ನೇ ಕಟ್ಟಿದಳಂತೆ. ಅವನ ವ್ಯಾಪಾರದ ಬುದ್ಧಿಗೆ ನಾನು ಗೋಡೆಯ ಈಚೆಯಿಂದಲೇ ತಲೆದೂಗಿದ್ದೆ. ಕಾಡುಕೋಳಿಯ ಕತ್ತಿನ ಗರಿಗೆ ಆ ದೇಶಗಳಲ್ಲಿ ಚಿನ್ನದ ಮರ್ಯಾದೆ ಎಂದೂ ವೈಂಡಿಂಗಣ್ಣ ಹೇಳುತ್ತಿದ್ದರು. ಆದರೆ ಯಾರೋ ಅದನ್ನು ತಂದುಕೊಟ್ಟಾಗ ಮುಟ್ಟದೆ ವಾಪಸು ಕಳಿಸಿದರು. ಊರುಕೋಳಿಯ ಗರಿಯಲ್ಲಿ ಮೀನು ಬೀಳಿಸಲಾಗದವನು ಕಾಡಿಗೆ ಯಾಕೆ ಹೋಗಬೇಕು ಎಂಬುದು ಅವರ ವಾದ.

ನನ್ನ ಹೊಟ್ಟೆ ಉರಿಸಿದ್ದು ಕಥೆಗಳಿಗಿಂತ ಹೆಚ್ಚಾಗಿ ಹೆಸರುಗಳು. ಆ ದೇಶಗಳಲ್ಲಿ ನೊಣಕ್ಕೆ ಪಾದ್ರಿಯ ಹೆಸರು, ಡಾಕ್ಟರ ಹೆಸರು ಇರುತ್ತದಂತೆ. ವೈಂಡಿಂಗಣ್ಣ ಅದನ್ನೇ ನಮ್ಮ ಊರಿಗೆ ತಂದರು. ಅದಕ್ಕೆ ಅವರವೇ ಎರಡು ಕಟ್ಟಳೆ. ಯಾರ ಹೆಸರೋ ಅವರ ಒಂದು ಸಾಮಾನು ನೊಣದಲ್ಲಿ ಸೇರಬೇಕು. ಮತ್ತೆ, ಆ ನೊಣಕ್ಕೆ ಒಂದಾದರೂ ಮೀನು ಬಾಯಿ ಹಾಕುವವರೆಗೆ ಹೆಸರಿಲ್ಲ. ‘ಮೀನು ಒಪ್ಪಬೇಕು’ ಎನ್ನುತ್ತಿದ್ದರು. ನಿಟ್ಟೂರು ಬಸ್ಸಿನ ಕಂಡಕ್ಟರಿಗೆ ಅವನ ಖಾಕಿ ಅಂಗಿಯ ದಾರದಿಂದ ಒಂದು ನೊಣವಾಯಿತು. ಹೊಳೆಬಾಗಿಲಿನಲ್ಲಿ ಜನರನ್ನು ಹಿನ್ನೀರು ದಾಟಿಸುವ ಲಾಂಚಿನವನಿಗೆ ಹಗ್ಗದ ಎಳೆಯಿಂದ ಒಂದು. ಎದುರು ಸಾಲಿನಲ್ಲಿ ನನಗೆ ಪೈಪೋಟಿಗೆಂದೇ ಒಬ್ಬ ಅಂಗಡಿ ತೆರೆದಿದ್ದ, ಅವನಿಗೂ ಒಂದು. ಕೊನೆಗೆ ನನ್ನ ಹೆಂಡತಿಗೆ. ಅವಳು ಹಳದಿ ಸೀರೆಯ ಅಂಚಿನಿಂದ ಎರಡೆಳೆ ಕಿತ್ತುಕೊಟ್ಟಿದ್ದು ನನಗೆ ಗೊತ್ತೂ ಇರಲಿಲ್ಲ. ವಾರದೊಳಗೆ ಮೀನು ಒಪ್ಪಿತು. ‘ಪಕ್ಕದ್ಮನೆ ತಂಗಿ’ ಎಂದು ಹೆಸರಾಯಿತು. ಆಮೇಲೆ ಜನ ನನ್ನ ಅಂಗಡಿಗೇ ಬಂದು, ನನ್ನ ಮುಖ ನೋಡಿಯೇ, ಪಕ್ಕದ್ಮನೆ ತಂಗಿ ಎಲ್ಲಿ ಸಿಗುತ್ತದೆ ಎಂದು ಕೇಳತೊಡಗಿದರು.

ನನ್ನ ಹೆಸರಿನದೊಂದು ಆಗಬೇಕು ಎಂಬ ಆಸೆ ಹುಟ್ಟಿದ್ದು ಆಗ. ಆಸೆಯೇನು, ಹಟವೇ. ಬಾಯಿಬಿಟ್ಟು ಕೇಳಿದರೆ ಬೆಲೆ ಏರುತ್ತದೆ ಎಂಬುದು ವ್ಯಾಪಾರದ ಮೊದಲ ಪಾಠ. ಆದ್ದರಿಂದ ಕೇಳಲಿಲ್ಲ, ಅವರೇ ಒಂದು ದಿನ ಬಂದು ನನ್ನ ಅಂಗಡಿಯ ಕೊಕ್ಕೆಗಳನ್ನು ಕೇಳಿದಾಗ, ನನ್ನ ಮಾಲೇ ಬೇಕಾಯಿತಲ್ಲ ಎಂದು ಒಳಗೊಳಗೇ ಹಿಗ್ಗಿದೆ. ಮಂಗಳೂರಿನ ದಲ್ಲಾಳಿಯನ್ನು ಹಿಂಡಿ ಹಿಪ್ಪೆ ಮಾಡಿ ತಂದ ಲಾಟು ಅದು. ನಾಲ್ಕು ಕೊಕ್ಕೆ ಒಯ್ದರು. ಮುಂದಿನ ಬೇಸಿಗೆಯಲ್ಲಿ ಮತ್ತೆ ಬಂದು, “ನಿನ್ನ ಕೊಕ್ಕೆ ದಪ್ಪ ಆಯ್ತು ಮಾರಾಯ” ಎಂದರು. ಗಿರಾಕಿ ಮಾಲಿಗೆ ಕೊರತೆ ಹೇಳಿದರೆ ಅದಕ್ಕೆ ಅರ್ಥ ಒಂದೇ ಎಂದು ತಿಳಿದಿದ್ದವನು ನಾನು. ಬೆಲೆ ಇಳಿಸಿದೆ. ಮರುವರ್ಷವೂ ಅದೇ ಮಾತು, ಇನ್ನಷ್ಟು ಇಳಿಸಿದೆ. ಮೂರನೆಯ ಸಲ ಪುಕ್ಕಟೆಯಾಗಿಯೇ ಕೈಗಿಟ್ಟೆ. ಅವರು ನನ್ನ ಮುಖವನ್ನು ಸ್ವಲ್ಪ ಹೊತ್ತು ನೋಡಿ, ನಕ್ಕು, ಕೊಕ್ಕೆಗಳನ್ನು ಜೇಬಿಗೆ ಹಾಕಿಕೊಂಡು ಹೋದರು. ಹೇಳಿದ್ದನ್ನು ಬಿಡಿಸಿ ಹೇಳುವ ಅಭ್ಯಾಸ ಅವರಿಗಿರಲಿಲ್ಲ. ಗೆದ್ದೆ ಎಂದುಕೊಂಡು ನಾನೂ ನಕ್ಕಿದ್ದೆ.

ಆ ವರ್ಷವೇ, ಕರೆಂಟು ತೆಗೆಯುವ ಒಂದು ಮಂಗಳವಾರ, ಹೊಳೆಬಾಗಿಲಿಗೆ ಹೋಗೋಣ ಬಾ ಎಂದು ಕರೆದರು. ಹಿನ್ನೀರು ಇಳಿದು ಕೆಂಪು ದಡ ಮೆಟ್ಟಿಲು ಮೆಟ್ಟಿಲಾಗಿ ಕಾಣುತ್ತಿತ್ತು. ಲಾಂಚಿನ ಗದ್ದಲದಿಂದ ದೂರ ನಡೆದು, ಬಿದಿರಿನ ಕೋಲು ಜೋಡಿಸಿ, ಡಬ್ಬಿಯಿಂದ ಒಂದು ನೊಣ ತೆಗೆದರು. ಬೂದುಬಣ್ಣದ ಮೈ, ಕತ್ತಿಗೆ ಹಸಿರು ಗರಿ, ಹೊಟ್ಟೆಯ ಮೇಲೆ ತಾಮ್ರದ ತಂತಿಯ ಸುತ್ತು. ಚೆನ್ನಾಗಿತ್ತು. ಮತ್ಯಾರೋ ಪುಣ್ಯವಂತನದು ಎಂದುಕೊಂಡು, ಯಾರಣ್ಣ ಇದು ಎಂದು ಕೇಳಿದೆ.

“ಸದ್ಯಕ್ಕೆ ಯಾರೂ ಅಲ್ಲ. ಆಗ್ಬೇಕು ಅಂತಿರೋದು ನೀನು” ಎಂದರು. “ಮೂರು ಬೇಸಿಗೆ ಆಯ್ತು ಇದನ್ನ ನೀರಿಗೆ ಹಾಕ್ತಾ. ಒಂದು ಮೀನೂ ತಿರುಗಿ ನೋಡ್ತಿಲ್ಲ.”

ನಾನು ಕೇಳದೆಯೇ, ನನಗೆ ತಿಳಿಯದೆಯೇ ಅವರು ಅಷ್ಟು ದಿನದಿಂದ...

ಬಿಸಿಲೇರುವವರೆಗೆ ಬೀಸಿದರು. ದಾರ ತಲೆಯ ಮೇಲೆ ಹಿಂದಕ್ಕೂ ಮುಂದಕ್ಕೂ ತೇಲಿ ಹೋಗಿ ನೀರಿನ ಮೇಲೆ ಮಲಗುತ್ತಿತ್ತು. ನಾನು ನೀರನ್ನೇ ನೋಡುತ್ತಿದ್ದೆ. ದೇವರಿಗೆ ಹರಕೆ ಹೊರುವ ಜಾತಿಯಲ್ಲ ನಾನು. ಅವತ್ತು ಸಿಗಂದೂರಿನ ಅಮ್ಮನ ಕಡೆ ಮುಖ ಮಾಡಿ ಒಂದು ಮೀನು ಕೇಳಿದೆ. ಬರಲಿಲ್ಲ. ಕೊನೆಗೆ ಅವರು ನನ್ನ ನೊಣ ಬಿಚ್ಚಿ ಪಕ್ಕದ್ಮನೆ ತಂಗಿಯನ್ನು ಕಟ್ಟಿದರು. ಎರಡನೆಯ ಬೀಸಿಗೇ ದಾರ ಬಿಗಿಯಿತು.

“ಮನೇಲೂ ಹಿಂಗೇನಾ?” ಎಂದರು ಮೀನು ಬಿಡಿಸುತ್ತ. “ಅವ್ಳು ಕರೆದ್ರೆ ಬರ್ತಾರೆ, ನೀನು ಕರೆದ್ರೆ ಇಲ್ಲ?”

ಬಸ್ಸಿನಲ್ಲಿ ಸಾಗರ ಮುಟ್ಟುವವರೆಗೆ ನಾನು ಕಿಟಕಿಯ ಕಡೆ ತಿರುಗಿ ಕೂತಿದ್ದೆ. ಆ ಮೀನನ್ನು ಹೆಂಡತಿ ಹುರಿದಳು. ರುಚಿಯಾಗಿತ್ತು, ಅದಕ್ಕೂ ಸಿಟ್ಟು ಬಂತು.

ಮುಂದೆ ಅವರಿಗೆ ಕೈ ನಡುಗತೊಡಗಿತು. ತಂತಿ ಸುತ್ತುವವರಿಗೆ ಕೈ ಹೋದರೆ ಅಂಗಡಿ ಹೋದ ಹಾಗೆ. ಬಾಗಿಲು ಹಾಕಿ ತೀರ್ಥಹಳ್ಳಿಯ ಮಗಳ ಮನೆ ಸೇರಿದರು. ನಾನು ಕಿತ್ತಳೆಹಣ್ಣು ಹಿಡಿದುಕೊಂಡು ನೋಡಲು ಹೋದೆ. ಕುಶಲವೆಲ್ಲ ಮುಗಿದ ಮೇಲೆ, ಕೊನೆಗೂ ಬಾಯಿಬಿಟ್ಟು ಕೇಳಿದೆ. ಮೀನು ಒಪ್ಪಿತು ಎಂದೇ ಹೇಳಿಬಿಡಿ ಅಣ್ಣ, ಹೊಳೆಗೆ ಹೋಗಿ ಯಾರು ವಿಚಾರಿಸುತ್ತಾರೆ ಎಂದೆ. ಅವರಿಗೆ ಸಿಟ್ಟು ಬರಲಿಲ್ಲ.

“ನಿಂಗೊಬ್ಬನಿಗೆ ರೇಟು ಬಿಟ್ಟುಕೊಟ್ರೆ ಉಳಿದವ್ರಿಗೆ ಎಂತ ಹೇಳ್ಲಿ? ವ್ಯಾಪಾರಸ್ಥ ನೀನು, ನಿಂಗೇ ಗೊತ್ತಲ್ದಾ?”

ಹಣ್ಣಿನ ಚೀಲವನ್ನು ಅವರ ಪಕ್ಕ ಇಟ್ಟು ಎದ್ದು ಬಂದೆ. ಆ ಮಳೆಗಾಲದಲ್ಲೇ ಅವರು ತೀರಿಕೊಂಡರು. ಮಗಳು ಅವರ ನೊಣದ ಡಬ್ಬಿಯನ್ನು ನನಗೆ ಕಳಿಸಿಕೊಟ್ಟಳು. ತೆರೆದರೆ ಕಂಡಕ್ಟರು, ಲಾಂಚಿನವನು, ಎದುರಂಗಡಿಯವನು ಎಲ್ಲರೂ ಹೆಸರುವಾಸಿಗಳು. ಮೂಲೆಯಲ್ಲಿ ನಾನು, ಹೆಸರಿಲ್ಲದೆ, ಐದಾರು. ಮುಚ್ಚಿ ಗಲ್ಲಾಪೆಟ್ಟಿಗೆಯ ಕೆಳಗೆ ತಳ್ಳಿದ್ದೆ.

ಮೊನ್ನೆ ಕೊರಿಯರ್‌ನಲ್ಲಿ ಬಂದ ನೊಣವನ್ನು ಹೋಲಿಸಿ ನೋಡಲೆಂದು ಆ ಡಬ್ಬಿಯನ್ನು ಹೊರಗೆ ತೆಗೆದೆ. ಹೊಸದರ ಕೊಕ್ಕೆ ಸೂಜಿಗಿಂತ ಸಣ್ಣ. ಡಬ್ಬಿಯಲ್ಲಿದ್ದ ಉಳಿದವರೆಲ್ಲ ಕೂತಿದ್ದದ್ದೂ ಅಂಥದೇ ಸಣ್ಣ ಕೊಕ್ಕೆಯ ಮೇಲೆ. ನನ್ನದು ಮಾತ್ರ ನನ್ನ ಅಂಗಡಿಯ ಲಾಟಿನ ಕೊಕ್ಕೆಯ ಮೇಲೆ. ಅವರವರ ಸಾಮಾನು ಅವರವರ ನೊಣದಲ್ಲಿ ಸೇರಬೇಕಲ್ಲ, ನನ್ನಿಂದ ಅವರು ಒಯ್ದದ್ದು ಕೊಕ್ಕೆಯನ್ನೇ. ಆ ದಪ್ಪ ಕಬ್ಬಿಣ ನೊಣವನ್ನು ಕಲ್ಲಿನಂತೆ ಮುಳುಗಿಸುತ್ತಿತ್ತು. ಮೀನು ಅದಕ್ಕೆ ಯಾಕೆ ಬರಬೇಕು? ಮೂರು ಸಲ ಬಂದು ಹೇಳಿದ್ದು ಅದನ್ನೇ. ಮೂರು ಸಲವೂ ನಾನು ಕಡಿಮೆ ಮಾಡಿದ್ದು ಬೆಲೆಯನ್ನು.

ಅವರು ನನಗೆಂದು ಕಟ್ಟಿದ್ದೊಂದನ್ನು ಬಿಚ್ಚಿ, ಅದೇ ಗರಿ, ಅದೇ ತಂತಿಯನ್ನು ಈಗ ನನ್ನ ಅಂಗಡಿಯಲ್ಲಿರುವ ಸಣ್ಣ ಕೊಕ್ಕೆಗೆ ಸುತ್ತಿದೆ. ನೋಡಲು ಬಾಚದ ತಲೆಯಂತಿತ್ತು. ಅಂಗಡಿಯಲ್ಲಿದ್ದ ಒಂದು ಕೋಲು ಹಿಡಿದು ಹೊಳೆಬಾಗಿಲಿಗೆ ಒಬ್ಬನೇ ಹೋದೆ. ಈಗ ಸೇತುವೆಯಾಗಿದೆ, ಜನ ಮೇಲಿನಿಂದಲೇ ದಾಟಿ ಹೋಗುತ್ತಾರೆ. ನನ್ನ ಬೀಸು ನೆಟ್ಟಗಿಲ್ಲ, ದಾರ ನಾಲ್ಕು ಸಲ ಪೊದೆಗೆ ಸಿಕ್ಕಿತು. ಆಮೇಲೆ ಒಂದು ಸಲ ನೀರಿನ ಮೇಲೆ ಮೆತ್ತಗೆ ಇಳಿಯಿತು. ಮೀನು ಬಾಯಿ ಹಾಕಿತು. ಅಂಗೈಯಗಲದ್ದು. ಅದನ್ನು ಹಿಡಿದುಕೊಂಡು ತೋರಿಸಲೆಂದು ಪಕ್ಕಕ್ಕೆ ತಿರುಗಿದೆ...

ಮೀನನ್ನು ನೀರಿಗೆ ಬಿಟ್ಟು ಮನೆಗೆ ಬಂದೆ. ವಿಷಯ ಕೇಳಿ ಹೆಂಡತಿ, “ಒಪ್ಪಿತಲ್ಲ, ಇನ್ನೆಂತ ರೀ? ಹೆಸರಿಟ್ಕೊಳ್ಳಿ” ಎಂದಳು. ಹೆಸರಿದ್ದವರಿಗೆ ಹಾಗೆ ಹೇಳುವುದು ಸುಲಭ. ನನ್ನ ಹೆಸರನ್ನು ನಾನೇ ಇಟ್ಟುಕೊಂಡರೆ ಅದು ಅಂಗಡಿಯ ಬೋರ್ಡಾಗುತ್ತದೆ, ನೊಣವಾಗುವುದಿಲ್ಲ. ಇಡಬೇಕಾದವರು ಇಲ್ಲ.

ನೊಣ ಕಟ್ಟುವ ಆಸೆ ಇರುವವರಿಗೆ ನಾಲ್ಕು ಮಾತು. ಕೋಲಿಗೆ, ರೀಲಿಗೆ ಚೌಕಾಸಿ ಮಾಡಿ, ಕೊಕ್ಕೆಗೆ ಮಾಡಬೇಡಿ. ಸಣ್ಣದನ್ನು, ಚೂಪಾದದ್ದನ್ನು ಹೇಳಿದ ಬೆಲೆಗೆ ತನ್ನಿ. ಕಾಡುಕೋಳಿಯ ಗರಿ ಯಾರು ತೋರಿಸಿದರೂ ಮುಟ್ಟಬೇಡಿ, ಕೇಸಾಗುತ್ತದೆ. ನೀವೂ ನನ್ನಂತೆ ವ್ಯಾಪಾರದವರಾಗಿದ್ದರೆ, ಗಿರಾಕಿ ಕೊರತೆ ಹೇಳಿದ ದಿನ ಮಾಲನ್ನು ಬೆಳಕಿಗೆ ಹಿಡಿದು ನೋಡಿ. ಬೆಲೆಯ ಮಾತು ಆಮೇಲೆ. ಮತ್ತೆ, ಹಿನ್ನೀರಿಗೆ ಒಬ್ಬರೇ ಹೋಗಬೇಡಿ, ಕೆಸರಿನ ದಡ ನಂಬುವಂಥದ್ದಲ್ಲ. ಯಾರ ಬಾಯಿಂದ ಭೇಷ್ ಎನ್ನಿಸಿಕೊಳ್ಳಬೇಕೆಂದು ಇದೆಯೋ ಅವರನ್ನೇ ಕರೆದುಕೊಂಡು ಹೋಗಿ. ಈ ಬೇಸಿಗೆಯಲ್ಲೇ ಹೋಗಿ.