ಕೇರೆ ಹಾವಿಗೊಂದು ಪೊದೆ
ಹಂಪಾಪುರದ ಚೆಲುವರಾಜು ಇಪ್ಪತ್ತು ವರ್ಷದಿಂದ ಮನೆ ಹೊಕ್ಕ ಹಾವುಗಳನ್ನು ಹಿಡಿದು ದೂರ ಬಿಟ್ಟುಬರುತ್ತಿದ್ದ. ಆ ಬೆಳಿಗ್ಗೆ ಸುನಂದಮ್ಮನ ಅಡುಗೆಮನೆಯಲ್ಲಿ ರಾಗಿ ಮೂಟೆಯ ಹಿಂದೆ ಮಾರುದ್ದದ ಕೇರೆ ಹಾವು ಸಿಕ್ಕಿತು.

"ವಿಷ ಇಲ್ಲ ಕಣವ್ವ, ಇಲಿ ತಿನ್ನಕ್ ಬಂದದೆ," ಎನ್ನುತ್ತ ಅದನ್ನು ಚೀಲಕ್ಕೆ ಇಳಿಸಿಕೊಂಡ.

ಮೊದಲೆಲ್ಲ ಹಾವು ಬಿಡುತ್ತಿದ್ದ ಕುರುಚಲು ಕಾಡು ಈಗ ಶುಂಠಿ ಹೊಲವಾಗಿತ್ತು. ಉಳಿದಿದ್ದು ಕೆರೆ ಏರಿಯ ಪೊದೆಯೊಂದೇ. ಅಲ್ಲೇ ಬಿಟ್ಟು, ಬಾಲ ಮರೆಯಾಗುವವರೆಗೂ ನಿಂತು ನೋಡಿದ.

ಮಧ್ಯಾಹ್ನ ಅದೇ ದಾರಿಯಲ್ಲಿ ಬಂದಾಗ ಹಾವು ಸತ್ತು ಬಿದ್ದಿತ್ತು. ಪಕ್ಕದ ಹೊಲದ ನಟರಾಜು ದೊಣ್ಣೆ ಹಿಡಿದು ನಿಂತಿದ್ದ.

"ಕೇರೆ ಕಣ್ಲಾ ಅದು."

"ಯಾವ್ದಾದ್ರೇನಣ್ಣ, ಹಾವು ತಾನೆ."

ಚೆಲುವರಾಜು ಅಲ್ಲೇ ಗುಂಡಿ ತೋಡಿ ಹಾವನ್ನು ಹೂತ. ಅಷ್ಟರಲ್ಲಿ ಮತ್ಯಾರದೋ ಮನೆಯಿಂದ ಫೋನು ಬಂತು. ಹಾವು ಹಿಡಿದರೆ ಎಲ್ಲಿ ಬಿಡುವುದೆಂದು ತೋಚದೆ ಅವನು ಫೋನು ಎತ್ತಲಿಲ್ಲ.