ಪೂವಮ್ಮ ಮೀಯಿಸದೆ ಸಾಕಿದ ಮರಿಗಳು

ಹುಟ್ಟಿ ಹನ್ನೆರಡು ದಿನವಾಗುವಷ್ಟರಲ್ಲಿ ಒಬ್ಬ ಹೆಂಗಸಿನ ಅನ್ನಕ್ಕೆ ಕಲ್ಲು ಹಾಕಿದವಳು ನಾನು. ಬೇಕೆಂದು ಮಾಡಿದ್ದಲ್ಲ, ನನಗೆ ಜ್ವರ ಬಂತು, ಅಷ್ಟೇ. ಆದರೆ ಆ ಜ್ವರದ ದೆಸೆಯಿಂದ ಗುತ್ತಿಗಾರಿನ ಪೂವಮ್ಮ ನಾಲ್ಕು ತಿಂಗಳು ಕೆಲಸವಿಲ್ಲದೆ ಕೂತಳು. ಹಾಗಾಗಿ ಅವಳ ಕಥೆಯನ್ನು ನನ್ನಿಂದಲೇ ಶುರು ಮಾಡುವುದು ನ್ಯಾಯ.

ಪೂವಮ್ಮನ ಕೆಲಸ ಬಾಣಂತಿಯರನ್ನೂ ಹಸುಗೂಸುಗಳನ್ನೂ ಮೀಯಿಸುವುದು. ವಯಸ್ಸು ನಲವತ್ತೈದರ ಆಚೀಚೆ. ಗಂಡ ಬೆಳ್ಯಪ್ಪ ತೀರಿಹೋಗಿ ಆಗಲೇ ಹತ್ತು ವರ್ಷವಾಗಿತ್ತು, ಮಕ್ಕಳಿರಲಿಲ್ಲ. ಗುಡ್ಡದ ಬುಡದಲ್ಲಿ ಒಂದು ತುಂಡು ಜಾಗ, ಒಂದು ದನ, ಐದಾರು ಕೋಳಿ, ಒಂದು ನಾಯಿ, ಮತ್ತು ಯಾರನ್ನೂ ಬಿಡದ ಒಂದು ಬಾಯಿ. ಕಾಲು ನೀಡಿ ಕೂತು, ಮಗುವನ್ನು ಮೊಣಕಾಲಿನ ಕೆಳಗೆ ಮಲಗಿಸಿಕೊಂಡು, ಎಣ್ಣೆ ತಿಕ್ಕಿ ಬಿಸಿನೀರು ಹೊಯ್ಯುತ್ತ ಅವಳು ಬೈಯುತ್ತಿದ್ದಳಂತೆ. "ಕೂಗು ಕೂಗು, ಇನ್ನೂ ಜೋರು ಕೂಗು! ಉಪ್ಪು ಹಾಕಿ ಭರಣಿಗೆ ತುಂಬಿಸ್ತೇನೆ ನಿನ್ನ!" ಎಂದರೆ ಮಗು ಕೂಗು ನಿಲ್ಲಿಸಿ ಅವಳ ಮುಖ ನೋಡುತ್ತಿತ್ತಂತೆ. ಊರಿನ ಅರ್ಧ ಜನ ಆ ಬೈಗುಳ ಕೇಳಿಯೇ ಬೆಳೆದವರು.

ನನ್ನ ಅಮ್ಮ ವಸುಮತಿಯನ್ನು ಕೊಟ್ಟದ್ದು ಕಡಬದ ಕಡೆಗೆ. ಚೊಚ್ಚಲ ಹೆರಿಗೆಗೆ ಗುತ್ತಿಗಾರಿನ ತವರಿಗೆ ಬಂದಿದ್ದಳು. ೧೯೫೮ರ ಡಿಸೆಂಬರಿನಲ್ಲಿ ನಾನು ಹುಟ್ಟಿದೆ. ಹನ್ನೆರಡನೆಯ ದಿನ ನಾಮಕರಣ. ಬೆಳಿಗ್ಗೆ ಪೂವಮ್ಮ ನನ್ನನ್ನು ಎತ್ತಿಕೊಂಡವಳು, "ಗೋದಾವರಿಯಕ್ಕ, ಮಗುವಿನ ಮೈ ಬಿಸಿ ಉಂಟಲ್ಲ?" ಎಂದು ನನ್ನ ಅಜ್ಜಿಯನ್ನು ಕೇಳಿದಳು. "ಕಂಬಳಿಯ ಒಳಗೆ ಇದ್ದದ್ದಲ್ಲವಾ, ಅದರ ಬಿಸಿ. ನೀನು ಬೇಗ ಮೀಯಿಸು, ಭಟ್ಟರು ಕಾಯ್ತಾ ಇದ್ದಾರೆ" ಎಂದಳು ಅಜ್ಜಿ. ಪೂವಮ್ಮ ಮೀಯಿಸಿದಳು. ನನಗೆ ಮನೋರಮಾ ಎಂದು ಹೆಸರಿಟ್ಟರು. ಊಟದ ಎಲೆ ತೆಗೆಯುವಷ್ಟರಲ್ಲಿ ನನ್ನ ಮೈ ಕೆಂಡವಾಗಿತ್ತು. ಜೀಪು ಹಿಡಿದು ಪುತ್ತೂರಿನ ಆಸ್ಪತ್ರೆಗೆ ಒಯ್ದರು. ಎದೆಗೆ ಕಫ ಇಳಿದಿತ್ತು. ಒಂಬತ್ತು ದಿನ ಅಲ್ಲಿದ್ದು, ಸತ್ತು ಬದುಕಿ ಬಂದೆ.

ಬಂದವರೆಲ್ಲ ಕೇಳಿದರು, ಇದ್ದಕ್ಕಿದ್ದ ಹಾಗೆ ಹೀಗೆ ಹೇಗಾಯಿತು ಎಂದು. ಅಜ್ಜಿ ಎಲ್ಲರಿಗೂ ಒಂದೇ ಉತ್ತರ ಕೊಟ್ಟಳು: "ಪೂವಮ್ಮನ ಕೈ ಮೊದಲಿನ ಹಾಗೆ ಇಲ್ಲ. ನೀರಿನ ಹದ ಅವಳಿಗೆ ಈಗ ಗೊತ್ತಾಗುದಿಲ್ಲ."

ಅಷ್ಟು ಸಾಕಾಯಿತು. ಮಾತು ತೋಟದಿಂದ ತೋಟಕ್ಕೆ ಹಬ್ಬಿತು. ಸಂಕ್ರಾಂತಿಯ ಹೊತ್ತಿಗೆ ಹೆರಿಗೆಯಾದ ಎರಡು ಮನೆಯವರೂ ದೂರದಿಂದ ಬೇರೆ ಹೆಂಗಸನ್ನು ಕರೆಸಿಕೊಂಡರು. ಪೂವಮ್ಮ ಮೊದಮೊದಲು ಸಿಟ್ಟಾದಳು. ಆಮೇಲೆ ಅವಳಿಗೇ ಅನುಮಾನ ಹಿಡಿಯಿತು. ತನ್ನ ಬಚ್ಚಲ ಹಂಡೆಯ ನೀರಿಗೆ ಕೈ ಅದ್ದುವಳು, ತೆಗೆಯುವಳು, ಮತ್ತೆ ಅದ್ದುವಳು. ಬಿಸಿ ತಾಗುತ್ತದೋ, ತಾಗಿದಂತೆ ತೋರುತ್ತದೋ ತಿಳಿಯದು. ನೀರು ಹರಿಯುವ ತೋಡಿನ ಆಚೆಯ ಮನೆಯ ಸಫಿಯಮ್ಮನನ್ನು ಕರೆದು, "ನೀನೊಮ್ಮೆ ಮುಟ್ಟಿ ನೋಡು ಮಾರಾಯ್ತಿ, ಇದು ಬಿಸಿ ಉಂಟಾ?" ಎಂದು ಕೇಳಿದ್ದೂ ಉಂಟು. ಸಫಿಯಮ್ಮ ಕೈ ಸುಟ್ಟುಕೊಂಡು ಬೈದಳಂತೆ. ಆದರೂ ಅನುಮಾನ ಹೋಗಲಿಲ್ಲ.

ಆ ಚಳಿಗಾಲ ಒಂದು ಚಿರತೆಗೆ ಊರ ನಾಯಿಗಳ ರುಚಿ ಹಿಡಿದಿತ್ತು. ನನ್ನ ಅಜ್ಜನ ಮನೆಯ ನಾಯಿ ಹೋಯಿತು, ಕೆಳಗಿನ ಮನೆಯದು ಹೋಯಿತು. ಫೆಬ್ರವರಿಯ ಒಂದು ಬೆಳಿಗ್ಗೆ ಪೂವಮ್ಮನ ನಾಯಿ ಬೊಳ್ಳಿಯೂ ಕಾಣಿಸಲಿಲ್ಲ. ಗುಡ್ಡೆಯ ದಾರಿಯಲ್ಲಿ ಬಿಳಿ ರೋಮ ಮಾತ್ರ ಬಿದ್ದಿತ್ತು. ಬೊಳ್ಳಿ ಮೂರು ದಿನದ ಹಿಂದೆ ಕಟ್ಟಿಗೆ ಕೊಟ್ಟಿಗೆಯ ಮೂಲೆಯಲ್ಲಿ ಐದು ಮರಿ ಹಾಕಿತ್ತು. ಕಣ್ಣು ಬಿಡದ ಆ ಐದೂ ಒಂದರ ಮೇಲೊಂದು ಹತ್ತಿ, ಇಲ್ಲದ ಮೊಲೆಯನ್ನು ಹುಡುಕುತ್ತಿದ್ದವು.

ಪೂವಮ್ಮ ಅವುಗಳ ಮುಂದೆ ಕುಕ್ಕರುಗಾಲಲ್ಲಿ ಕೂತು ಬಹಳ ಹೊತ್ತು ನೋಡಿದಳಂತೆ. ಮುಟ್ಟಲು ಹೆದರಿಕೆ. ಇವು ಬದುಕಿದರೆ ಬದುಕಿದವು. ಸತ್ತರೆ, ಊರವರು ಹೇಳಿದ್ದು ಸತ್ಯ ಎಂದು ಅವಳ ಕೈಯೇ ಅವಳಿಗೆ ತೋರಿಸಿಕೊಟ್ಟಂತಾಗುತ್ತಿತ್ತು. ಕೊನೆಗೆ, "ಹೋಗಲಿ, ನಿಮ್ಮ ಅಮ್ಮನಿಗೆ ನಾನು ಎಷ್ಟು ಸಲ ಗಂಜಿ ಹಾಕಿದ್ದೇನೆ" ಎಂದು ಗೊಣಗುತ್ತ ಐದನ್ನೂ ಸೆರಗಿಗೆ ತುಂಬಿಕೊಂಡಳು.

ತಾಯಿಯಿಲ್ಲದ ಕೂಸು ಕೈಗೆ ಬಂದರೆ ಮೀಯಿಸುವ ಹೆಂಗಸು ಮೊದಲು ಏನು ಮಾಡುತ್ತಾಳೆ? ಮೀಯಿಸುತ್ತಾಳೆ. ಪೂವಮ್ಮ ಅದನ್ನೇ ಮಾಡಿದಳು. ಹಂಡೆಗೆ ಬೆಂಕಿ ಹಾಕಿ, ನೀರಿಗೆ ಹತ್ತು ಸಲ ಕೈ ಅದ್ದಿ ಹದ ನೋಡಿ, ಕಾಲು ನೀಡಿ ಕೂತು, ಒಂದೊಂದೇ ಮರಿಯನ್ನು ಮಲಗಿಸಿ ತೆಂಗಿನೆಣ್ಣೆ ತಿಕ್ಕಿ, ಚೊಂಬಿನಲ್ಲಿ ನೀರು ಹೊಯ್ದಳು. ಒರೆಸಿ ಹಾಲುಮಡ್ಡಿಯ ಹೊಗೆ ಕೊಟ್ಟಳು. ಬೆಲ್ಲದಚ್ಚಿನಷ್ಟೂ ದೊಡ್ಡದಿಲ್ಲದ ಮರಿಗಳಿಗೆ ರಾಜಕುಮಾರರ ಉಪಚಾರ. ಒದ್ದೆ ಮೈಯ ಮರಿಗಳು ಬೆಚ್ಚಗಿರಲಾರವು, ಬೊಳ್ಳಿ ಇದ್ದಿದ್ದರೆ ಅವುಗಳನ್ನು ನೆಕ್ಕಿ ಹೊಟ್ಟೆಯಡಿಗೆ ಹಾಕಿಕೊಳ್ಳುತ್ತಿತ್ತು ಎಂಬುದು ಅವಳಿಗೆ ಹೊಳೆಯಲಿಲ್ಲ. ಮನುಷ್ಯರ ಮಕ್ಕಳನ್ನು ಮಾತ್ರ ಕಂಡ ಕೈ ಅದು.

ಮಧ್ಯಾಹ್ನದೊಳಗೆ ಎಲ್ಲಕ್ಕಿಂತ ಸಣ್ಣದು ತಣ್ಣಗಾಗಿ ಸತ್ತುಹೋಯಿತು.

ಅದನ್ನು ತೆಂಗಿನ ಬುಡದಲ್ಲಿ ಹೂತು ಬಂದ ಪೂವಮ್ಮ ಉಳಿದ ನಾಲ್ಕನ್ನು ಮುಟ್ಟಿ ನೋಡಿದಳು. ಅವೂ ತಣ್ಣಗಾಗುತ್ತಿದ್ದವು. ಅಳುವುದಕ್ಕೂ ಪುರುಸೊತ್ತಿರಲಿಲ್ಲ. ಅವುಗಳನ್ನು ಸೀರೆಯ ಮಡಿಕೆಯಲ್ಲಿ ಹೊಟ್ಟೆಗೆ ಕಟ್ಟಿಕೊಂಡು ಒಲೆಯ ಪಕ್ಕದಲ್ಲಿ ಕೂತಳು. ಮೈ ಬೆಚ್ಚಗಾದ ಮೇಲೆ ಅಡಿಕೆ ಹಾಳೆಯಲ್ಲಿ ಹಳೆ ಸೀರೆ ಹಾಸಿ, ಬಿಸಿ ಬೂದಿಯ ಹತ್ತಿರ ಮಲಗಿಸಿದಳು. ಇನ್ನು ಹಾಲು. ದನ ಗಬ್ಬವಾಗಿತ್ತು, ಹಿಂಡುವಂತಿಲ್ಲ. ಗಂಜಿಯ ತಿಳಿಯನ್ನು ಕೂಸುಗಳಿಗೆ ಹಾಲು ಕುಡಿಸುವ ಒಳಲೆಯಲ್ಲಿ ಹಾಕಿ ಕುಡಿಸಲು ಹೋದರೆ ಅದು ಮರಿಗಳ ಮೂಗಿನಿಂದ ಹೊರಗೆ ಬಂತು. ಬಟ್ಟೆಯ ಬತ್ತಿ ಮಾಡಿ ಅದ್ದಿ ಬಾಯಿಗಿಟ್ಟಳು. ಅದನ್ನು ಚೀಪಿದವು.

ಮರುದಿನ ಬೆಳಿಗ್ಗೆ ಮರಿಗಳ ಹೊಟ್ಟೆ ಉಬ್ಬಿ ಗಟ್ಟಿಯಾಗಿತ್ತು. ಕೂಗಲೂ ತ್ರಾಣವಿಲ್ಲ. ವಾಯುವಿರಬೇಕೆಂದು ಬಜೆ ತೇದು ಹೊಟ್ಟೆಗೆ ಹಚ್ಚಿದಳು. ಏನೂ ಇಳಿಯಲಿಲ್ಲ. "ಮುಗೀತು, ನನ್ನ ಕೈಯಲ್ಲಿ ಇನ್ನು ಯಾವುದೂ ಬದುಕುದಿಲ್ಲ" ಎಂದು ಹಾಳೆಯ ಎದುರು ತಲೆಗೆ ಕೈ ಹೊತ್ತು ಕೂತಿದ್ದಾಗ ಬೇಲಿಯ ತಡಮೆಯ ಆಚೆಯಿಂದ ಸಫಿಯಮ್ಮ ಕರೆದಳು. ಸತ್ತ ಮರಿಯ ಸುದ್ದಿ ಅವಳಿಗೆ ಮುಟ್ಟಿತ್ತು. ಕೈಯಲ್ಲಿ ತೆಂಗಿನ ಗೆರಟೆ ತುಂಬ ಆಡಿನ ಹಾಲು ಇತ್ತು.

"ಪೂವಕ್ಕ, ನಾನು ಒಳಗೆ ಬರುದಿಲ್ಲ. ನಾಯಿಯ ಜೊಲ್ಲು ತಾಗಿದ್ರೆ ನಮಗೆ ಏಳು ಸಲ ತೊಳೀಬೇಕು, ಅದ್ರಲ್ಲಿ ಒಂದು ಸಲ ಮಣ್ಣು ಹಾಕಿ. ನೀನು ಪಾತ್ರೆ ಹಿಡಿ, ನಾನು ಹೊಯ್ತೇನೆ."

ಎತ್ತರದಿಂದ ಹೊಯ್ದಳು. ಆಯುಷ್ಯವಿಡೀ ನನ್ನ ಅಜ್ಜಿ ಸಫಿಯಮ್ಮನ ಪಾತ್ರೆಗೆ ಹೀಗೇ ಎತ್ತರದಿಂದ ಮಜ್ಜಿಗೆ ಹೊಯ್ದವಳು. ಇದನ್ನು ಕೇಳಿದಾಗ ನನಗೆ ನಗು ಬಂದದ್ದು ಸುಳ್ಳಲ್ಲ.

"ಹಾಲು ಎಂತಕ್ಕೆ ಇನ್ನು? ಹೊಟ್ಟೆ ಕಲ್ಲಾಗಿದೆ" ಎಂದಳು ಪೂವಮ್ಮ.

"ಮೂತ್ರ ಮಾಡಿದ್ವಾ?"

"ನಿನ್ನೆಯಿಂದ ಒಂದು ಹನಿ ಕಾಣಲಿಲ್ಲ."

"ಅಯ್ಯೋ, ಹೇಗೆ ಮಾಡುದು ಅವು! ನಮ್ಮ ಪುಚ್ಚೆ ಮರಿ ಹಾಕಿದಾಗ ನೀನು ನೋಡಲಿಲ್ವಾ? ತಾಯಿ ಕೆಳಗೆ ನೆಕ್ಕಿ ನೆಕ್ಕಿ ಮಾಡಿಸುದು. ನೆಕ್ಕದಿದ್ರೆ ಬೆಕ್ಕಿನ ಮರಿಗೆ ಆಗುದಿಲ್ಲ. ನಾಯಿ ಮರಿಗೂ ಹಾಗೇ ಇರ್ಬೇಕು. ಬಿಸಿನೀರಿನ ಬಟ್ಟೆಯಲ್ಲಿ ಒರೆಸಿ ನೋಡು."

ಪೂವಮ್ಮ ಓಡಿದಳು. ಬಟ್ಟೆಯ ತುದಿಯನ್ನು ಬಿಸಿನೀರಿಗೆ ಅದ್ದಿ ಹಿಂಡಿ, ಒಂದು ಮರಿಯನ್ನು ಅಂಗೈಯಲ್ಲಿ ಅಂಗಾತ ಹಿಡಿದು, ಹೊಟ್ಟೆಯ ಕೆಳಗೆ ಮೆಲ್ಲ ಮೆಲ್ಲ ಒರೆಸಿದಳು. ಒಂದು ಕ್ಷಣ ಏನೂ ಇಲ್ಲ. ಆಮೇಲೆ ಹಳದಿ ನೀರು ಅವಳ ಮೊಣಕೈವರೆಗೆ ಹರಿಯಿತು. ಹೊಟ್ಟೆ ಬೆರಳಿನ ಕೆಳಗೇ ಮೆತ್ತಗಾಯಿತು. ಎರಡನೆಯದು, ಮೂರನೆಯದು, ನಾಲ್ಕನೆಯದು. "ಸಫಿಯಮ್ಮಾ, ಬಂತು! ನಾಲ್ಕರದ್ದೂ ಬಂತು!" ಎಂದು ಅವಳು ಅಂಗಳದಲ್ಲಿ ನಿಂತು ಕಿರುಚಿದ್ದು ತೋಡಿನ ಆಚೆಗೂ ಕೇಳಿತಂತೆ. ತಡಮೆಯ ಎರಡು ಬದಿಯಲ್ಲಿ ನಿಂತು ಇಬ್ಬರೂ ನಕ್ಕರು, ಪೂವಮ್ಮ ಅತ್ತಳು ಕೂಡ. ನಾಯಿ ಮರಿಯ ಮೂತ್ರಕ್ಕೆ ಇಷ್ಟು ಸಂತೋಷಪಟ್ಟವರು ಆ ಸೀಮೆಯಲ್ಲಿ ಬೇರೆ ಯಾರೂ ಇರಲಿಕ್ಕಿಲ್ಲ.

ಅಲ್ಲಿಂದ ಕ್ರಮ ಗಟ್ಟಿಯಾಯಿತು. ಸಫಿಯಮ್ಮನ ಆಡಿಗೆ ಎರಡು ಮರಿಯಿದ್ದುದರಿಂದ ದಿನಕ್ಕೆ ಒಂದು ಗೆರಟೆಗಿಂತ ಹೆಚ್ಚು ಹಾಲು ಸಿಗುತ್ತಿರಲಿಲ್ಲ. ಅದು ಸಾಲದೆ ಬಂದಾಗ ಪೂವಮ್ಮ ಕೋಳಿಮೊಟ್ಟೆಯ ಹಳದಿಯನ್ನು ಕದಡಿ ಸೇರಿಸಿದಳು. ಸಫಿಯಮ್ಮನ ಗಂಡ ಹೈದರ್ ಸುಳ್ಯಕ್ಕೆ ಹೋದವನು ಪೆನ್ನಿಗೆ ಶಾಯಿ ತುಂಬಿಸುವ ಒಂದು ಫಿಲ್ಲರ್ ತಂದುಕೊಟ್ಟ. ಬತ್ತಿಗಿಂತ ಅದು ಎಷ್ಟೋ ಮೇಲಾಯಿತು. ಎರಡು ಗಂಟೆಗೊಮ್ಮೆ ಹಾಲು, ಹಾಲಿನ ನಂತರ ಒದ್ದೆ ಬಟ್ಟೆ, ಮತ್ತೆ ಬೆಚ್ಚಗಿನ ಹಾಳೆ. ಮೀಯಿಸುವುದು ಮಾತ್ರ ಇಲ್ಲ. ಕೊಳೆಯಾದರೂ ಒರೆಸಿದಳೇ ಹೊರತು ನೀರು ಹೊಯ್ಯಲಿಲ್ಲ. ಇಪ್ಪತ್ತೈದು ವರ್ಷದ ಅಭ್ಯಾಸವನ್ನು ತಡೆಹಿಡಿಯುವುದು ಅವಳಿಗೆ ಹಾಲು ಹೊಂದಿಸುವುದಕ್ಕಿಂತ ಕಷ್ಟವಾಗಿತ್ತು.

ಹನ್ನೆರಡನೆಯ ದಿನ ಬಂದಾಗ ಅವಳು ಬೆಳಿಗ್ಗೆಯಿಂದ ಹೆದರಿಕೊಂಡೇ ಇದ್ದಳು. ನನಗೆ ಜ್ವರ ಬಂದದ್ದೂ ಹನ್ನೆರಡಕ್ಕಲ್ಲವೇ? ನಾಲ್ಕು ಮರಿಗಳನ್ನೂ ಮುಟ್ಟಿ ಮುಟ್ಟಿ ನೋಡಿದಳು. ಜ್ವರ ಬರಲಿಲ್ಲ. ಸಂಜೆ ಹೊತ್ತಿಗೆ ಒಂದು ಮರಿಯ ಬಲಗಣ್ಣು ಗೆರೆಯಷ್ಟು ಬಿಟ್ಟುಕೊಂಡಿತು. "ಎಂತ ನೋಡ್ತೀಯ ಕಳ್ಳ? ಭರಣಿಗೆ ಹಾಕ್ತೇನೆ ನಿನ್ನ!" ಎಂದು ಪೂವಮ್ಮ ಬೈದಳು. ಡಿಸೆಂಬರಿನ ನಂತರ ಅವಳ ಬಾಯಿಂದ ಆ ಬೈಗುಳ ಬಂದದ್ದು ಅದೇ ಮೊದಲು.

ಏಪ್ರಿಲ್ ಹೊತ್ತಿಗೆ ನಾಲ್ಕೂ ಅಂಗಳದಲ್ಲಿ ಕೋಳಿಗಳನ್ನು ಅಟ್ಟಿಸಿಕೊಂಡು ಹೋಗುವಷ್ಟಾದವು. ಊರಿನ ನಾಯಿಗಳನ್ನು ಚಿರತೆ ಖಾಲಿ ಮಾಡಿತ್ತಲ್ಲ, ಮರಿಗಳಿಗೆ ಬೇಡಿಕೆ ಬಂತು. ತೋಟಕ್ಕೆ ಹಂದಿ ನುಗ್ಗುವುದನ್ನು ನೋಡಿ ನೋಡಿ ಸಾಕಾಗಿ, ವಿಷು ಹಬ್ಬಕ್ಕೆ ನಾಲ್ಕು ದಿನ ಇರುವಾಗ ನನ್ನ ಅಜ್ಜಿಯೂ ಒಂದು ಕಟ್ಟು ಹಲಸಿನ ಹಪ್ಪಳ ಹಿಡಿದುಕೊಂಡು ಹೊರಟಳು. ಅಷ್ಟು ತಿಂಗಳಲ್ಲಿ ಪೂವಮ್ಮನ ಅಂಗಳಕ್ಕೆ ಅವಳು ಕಾಲಿಟ್ಟಿರಲಿಲ್ಲ.

"ಒಂದು ಮರಿ ಬೇಕಿತ್ತು ಪೂವಮ್ಮ."

"ನೋಡಿ ಗೋದಾವರಿಯಕ್ಕ, ಯಾವುದು ಬೇಕೋ ಅದು" ಎಂದಳು ಪೂವಮ್ಮ. ಮುಖದಲ್ಲಿ ನಗುವಿಲ್ಲ, ಸಿಟ್ಟೂ ಇಲ್ಲ.

ಅಜ್ಜಿ ಮರಿಗಳನ್ನು ನೋಡುತ್ತ, ಏನಾದರೂ ಮಾತಾಡಬೇಕಲ್ಲ ಎಂದು, "ಐದು ಇತ್ತಂತೆ ಅಲ್ವಾ?" ಎಂದಳು.

"ಐದು ಇತ್ತು. ಒಂದನ್ನು ನಾನು ಕೊಂದೆ. ಮೊದಲ ದಿನವೇ ಮೀಯಿಸಿದೆ. ನಾಯಿ ಮರಿಗೆ ಅದು ಆಗುದಿಲ್ಲ ಅಂತ ಗೊತ್ತಿರಲಿಲ್ಲ. ಗೊತ್ತಿರಲಿಲ್ಲ ಹೇಳಿದ್ರೆ ಸತ್ತದ್ದು ಎದ್ದು ಬರ್ತದಾ? ತಪ್ಪು ನನ್ನದೇ."

ಅಷ್ಟು ಸಲೀಸಾಗಿ ಹೇಳಿಬಿಟ್ಟಳು. ನನ್ನ ಅಜ್ಜಿ ಕೆಟ್ಟವಳಲ್ಲ, ಆದರೆ ತಪ್ಪು ನನ್ನದು ಎಂಬ ಮಾತು ಅವಳ ನಾಲಿಗೆಗೆ ಅಭ್ಯಾಸವೇ ಇರಲಿಲ್ಲ. ಆ ದಿನ ಅವಳು ಪೂವಮ್ಮನ ಜಗಲಿಯಲ್ಲಿ ಕೂತೇಬಿಟ್ಟಳು. ಯಾರ ಮನೆಯ ಜಗಲಿ ಎಂದೂ ನೋಡಲಿಲ್ಲ.

"ಪೂವಮ್ಮ, ಆ ದಿನ ಮಗುವಿಗೆ ಬೆಳಗ್ಗಿನ ಜಾವದಿಂದಲೇ ಜ್ವರ ಇತ್ತು. ವಸುಮತಿ ನನಗೆ ಹೇಳಿದ್ಲು. ನಿನಗೆ ಹೇಳುದು ಬೇಡ ಹೇಳಿದ್ದು ನಾನೇ. ಹೇಳಿದ್ರೆ ನೀನು ಮೀಯಿಸ್ತಿರಲಿಲ್ಲ. ಮೀಯದೆ ನಾಮಕರಣ ಹೇಗೆ ಮಾಡುದು? ಕಡಬದ ಬೀಗರೆಲ್ಲ ಬಂದು ಕೂತಾಗಿತ್ತು. ಕಂಬಳಿಯ ಬಿಸಿ ಅಂತ ಸುಳ್ಳು ಹೇಳಿದೆ."

ಪೂವಮ್ಮ ತನ್ನ ಬಲಗೈಯನ್ನು ತಿರುಗಿಸಿ ನೋಡಿದಳು.

"ಹಾಗಾದ್ರೆ," ಎಂದಳು, "ನನ್ನ ಕೈಗೆ ಆ ದಿನ ಗೊತ್ತಾಗಿತ್ತು."

"ಗೊತ್ತಾಗಿತ್ತು. ಮೈ ಬಿಸಿ ಉಂಟಲ್ಲ ಅಂತ ನೀನೇ ಕೇಳಿದ್ದಲ್ಲವಾ?"

ಆಮೇಲೆ ಪೂವಮ್ಮ ಬಾಯಿ ತೆರೆದಳು. ಸಂಕ್ರಾಂತಿಯಿಂದ ವಿಷುವಿನವರೆಗೆ ಒಳಗೆ ಕೂಡಿಟ್ಟದ್ದನ್ನೆಲ್ಲ ಹೊರಗೆ ಹಾಕಿದಳು. ಅಜ್ಜಿಯನ್ನು ಅವಳ ಅತ್ತೆಯೂ ಹಾಗೆ ಬೈದಿರಲಿಕ್ಕಿಲ್ಲ. ಅಜ್ಜಿ ತಲೆ ತಗ್ಗಿಸಿ ಪೂರ್ತಿ ಕೇಳಿದಳು, ನಡುವೆ ಒಮ್ಮೆಯೂ ಎದುರಾಡಲಿಲ್ಲ. ಬೈದು ಬೈದು ಪೂವಮ್ಮನ ಉಸಿರು ಹಗುರವಾಯಿತು. ಕಣ್ಣೊರೆಸಿಕೊಂಡು, ಮೊದಲು ಕಣ್ಣು ಬಿಟ್ಟ ಮರಿಯನ್ನು ಎತ್ತಿ ಅಜ್ಜಿಯ ಮಡಿಲಿಗೆ ಹಾಕಿದಳು.

"ತಕೊಳ್ಳಿ. ಇದನ್ನು ಮೀಯಿಸ್ಲಿಕ್ಕೆ ಹೋಗ್ಬೇಡಿ."

ವಿಷುವಿನ ದಿನ ನಮಸ್ಕಾರಕ್ಕೆ ಬಂದ ಎಲ್ಲರಿಗೂ ಅಜ್ಜಿ ಈ ಸಂಗತಿಯನ್ನು ತಾನೇ ಹೇಳಿದಳಂತೆ, ಕೇಳದವರಿಗೂ ಕರೆದು ಹೇಳಿದಳಂತೆ. ಅದಾದ ಮೇಲೆ ಪೂವಮ್ಮ ಹದಿನೆಂಟು ವರ್ಷ ಊರಿನ ಮಕ್ಕಳನ್ನು ಮೀಯಿಸಿದಳು. ನನ್ನ ತಮ್ಮಂದಿರಿಬ್ಬರೂ ಆ ಕಾಲುಗಳ ಮೇಲೆಯೇ ಮಲಗಿದವರು.

ಆದರೆ ಅಮ್ಮ ಯಾವಾಗಲೂ ಹೇಳುತ್ತಿದ್ದದ್ದು ಅಜ್ಜಿ ಮರಿ ತಂದ ಮರುದಿನದ ಬೆಳಿಗ್ಗೆಯ ಮಾತು. ಕಡಬಕ್ಕೆ ಹೊರಡುವ ಮೊದಲು ನನ್ನನ್ನೊಮ್ಮೆ ಮೀಯಿಸಬೇಕೆಂದು ಹೇಳಿಕಳಿಸಿದ್ದರು. ಪೂವಮ್ಮ ಬಂದಳು, ನಾಲ್ಕು ತಿಂಗಳ ನನ್ನನ್ನು ಎತ್ತಿ ಹಣೆ ಮುಟ್ಟಿ ನೋಡಿದಳು, ಯಾರನ್ನೂ ಏನೂ ಕೇಳಲಿಲ್ಲ. ಕಾಲು ನೀಡಿ ಕೂತಳು. ನೀರಿಗೆ ಒಂದೇ ಸಲ ಕೈ ಅದ್ದಿ, ಚೊಂಬು ಎತ್ತಿಕೊಂಡಳು.