ಹಸಿ ಲೇಪದ ಮೇಲೆ ಎಳೆದ ಮೂರು ಗೆರೆ

ನನ್ನ ಸಂಶೋಧನಾ ಮಾರ್ಗದರ್ಶಕರು ತೇವದ ಬಗ್ಗೆ ಗಂಟೆಗಟ್ಟಲೆ ಮಾತನಾಡಬಲ್ಲವರು. ಹೊರಗೆ ಮಳೆ ಸುರಿಯುತ್ತಿದ್ದರೂ ಒಳಗೆ ಒಣ ತಂಪು ಬೀಸುವ ಸಭಾಂಗಣದಲ್ಲಿ ನಿಂತು "ತೇವಾಂಶವೇ ನಮ್ಮ ಶತ್ರು" ಎನ್ನುವಾಗ ಅವರ ದನಿಯಲ್ಲಿ ಯುದ್ಧಕ್ಕೆ ಹೊರಟವರ ಗಾಂಭೀರ್ಯವಿರುತ್ತಿತ್ತು. ಆ ಶತ್ರುವನ್ನು ಅವರೇ ಕೈಹಿಡಿದು ಒಳಗೆ ಕರೆತಂದ ದಿನ ನಾನು ಅವರ ಪಕ್ಕದಲ್ಲೇ ಇದ್ದೆ.

ನಮ್ಮ ಕೆಲಸ ಹೇಳಿಕೊಳ್ಳಲು ಸುಲಭ. ವಾಹನದ ಮುಂದಿನ ಗಾಜಿನ ಒಳಮೈಗೆ ಇಂಗಾಲದ ನ್ಯಾನೊ ನಳಿಕೆಗಳ ಪಾರದರ್ಶಕ ಪದರವೊಂದನ್ನು ಹಚ್ಚಬೇಕು. ಬ್ಯಾಟರಿಯಿಂದ ವಿದ್ಯುತ್ ಹರಿದಾಗ ಅದು ಗಾಜನ್ನು ಬೆಚ್ಚಗಾಗಿಸಿ ಮಬ್ಬನ್ನು ಓಡಿಸುತ್ತದೆ. ಹಿಮ ಬೀಳುವ ದೇಶಗಳಿಗಾಗಿ ಹುಟ್ಟಿದ ಉಪಾಯವಿದು. ನಾವು ಪ್ರಯೋಗಕ್ಕೆ ಆರಿಸಿಕೊಂಡ ಜೋಯಿಡಾದ ಕಾಡಿನಲ್ಲಿ ಹಿಮವಿಲ್ಲ, ಆದರೆ ತೊಯ್ದ ಜನ ತುಂಬಿದ ಗಾಡಿಯಲ್ಲಿ ಗಾಜು ಒಳಗಿನಿಂದ ಕುರುಡಾಗುತ್ತದೆ. ನೀರಿನ ಹಬೆ ತಾಗಿದರೆ ಆ ಪದರವೂ ಕೆಡುತ್ತದೆಂದು ಅದರ ಮೇಲೊಂದು ರಕ್ಷಾ ಲೇಪ ಬೇಕು. ಲೇಪ ಪೂರ್ತಿ ಒಣಗುವವರೆಗೆ ಒಂದು ಹನಿ ನೀರೂ ತಾಗಕೂಡದು. ನನ್ನ ಮಹಾಪ್ರಬಂಧದ ಸಾರವೆಲ್ಲ ಈ ಕೊನೆಯ ವಾಕ್ಯದಲ್ಲಿತ್ತು.

ಪ್ರಯೋಗಕ್ಕೆ ಒಪ್ಪಿದವರು ದಾಂಡೇಲಿಯಿಂದ ಕುಂಬಾರವಾಡದ ಕಡೆಗೆ ಟೆಂಪೊ ಓಡಿಸುವ ಹಿರಿಯರು. ಅವರನ್ನು ನಾನು ಚಾಚಾ ಎನ್ನುತ್ತಿದ್ದೆ. ಬೆಳಿಗ್ಗೆ ಶಾಲೆಯ ಮಕ್ಕಳು, ಉಳಿದ ಹೊತ್ತು ಸಂತೆಯ ಜನ. ಲೇಪ ಹಚ್ಚಿ ಇನ್ನೂ ಆರಿರಲಿಲ್ಲ, ಅಷ್ಟರಲ್ಲಿ ಉದ್ಘಾಟನೆಯನ್ನು ಗೊತ್ತಾದ ದಿನಕ್ಕಿಂತ ಮೊದಲೇ ಇಟ್ಟುಕೊಂಡರು. ಉಳವಿಗೆ ಹೊರಟ ಗಣ್ಯರೊಬ್ಬರು ಅದೇ ದಾರಿಯಲ್ಲಿ ಹಾಯುವವರಿದ್ದರಂತೆ.

ಅಂದು ಮಳೆ ಹಿಡಿದು ಹೊಡೆಯುತ್ತಿತ್ತು. ಹೊಸ ಗಾಡಿಗೆ, ಹೊಸ ಯಂತ್ರಕ್ಕೆ ವಿಭೂತಿ ಹಚ್ಚುವುದು ಹಳಿಯಾಳದ ನಮ್ಮ ಮನೆಯಲ್ಲೂ ಇರುವ ರೂಢಿ. ಅದರ ಮೇಲೆ ನನಗೆ ಯಾವ ಸಿಟ್ಟೂ ಇಲ್ಲ. ಆದರೆ ಮಾರ್ಗದರ್ಶಕರು ನೀರಿನಲ್ಲಿ ಕಲಸಿದ ವಿಭೂತಿಯ ಬಟ್ಟಲು ಹಿಡಿದು ಗಾಡಿಯ ಒಳಗೇ ಹತ್ತಿದರು.

"ಸರ್, ಒಳಗಿನ ಲೇಪ ಇನ್ನೂ ಹಸಿ ಐತ್ರಿ" ಎಂದೆ.

"ಹೊರಗ ಹಚ್ಚಿದ್ರ ಮಳ್ಯಾಗ ತೊಳದ್ ಹೋಗ್ತೈತಿ. ಫೋಟೊದಾಗ ಕಾಣೂದು ಬ್ಯಾಡೇನು?"

"ನೀರು ತಾಗಬಾರದು ಅಂತ ನೀವ ಹೇಳಿದ್ರಲ್ರಿ!"

"ಶುಭಕಾರ್ಯದಾಗ ಅಪಶಕುನ ನುಡೀಬ್ಯಾಡ. ಕೆಳಗ ಇಳಿ."

ಚಾಚಾ ನಕ್ಕರು. "ಹಚ್ಚಲಿ ಬಿಡು ತಂಗಿ. ನಮ್ಮ ಗಾಡಿಗೆ ಯಾರ ದುವಾ ಆದ್ರೂ ನಡೀತೈತಿ."

ಗಣ್ಯರು ಚಾಲಕನ ಸೀಟಿನಲ್ಲಿ ಕುಳಿತು, ಎದುರಿನ ಗಾಜಿನ ಮೇಲೆ ಮೂರು ಬೆರಳಿಂದ ವಿಭೂತಿಯನ್ನು ಅಗಲವಾಗಿ ಎಳೆದರು. ಚಪ್ಪಾಳೆಯಾಯಿತು. ಶತ್ರುವಿನ ವಿರುದ್ಧ ಭಾಷಣಗಳೂ ಆದವು.

ಕೆಲವು ವಾರಗಳ ನಂತರ, ಗಣೇಶಗುಡಿ ದಾಟಿದ ಒಂದು ತಿರುವಿನಲ್ಲಿ ಎದುರಿನದು ಕಾಣದೆ ಟೆಂಪೊ ಮೋರಿಯ ಕಟ್ಟೆಗೆ ಗುದ್ದಿತು. ಪುಣ್ಯಕ್ಕೆ ಯಾರಿಗೂ ಪೆಟ್ಟಾಗಲಿಲ್ಲ, ಗಾಜೂ ಒಡೆಯಲಿಲ್ಲ. ನಮ್ಮವರೇ ಬರೆದ ಅಪಘಾತದ ಕರಡು ವರದಿ ಮಾತ್ರ ನಮ್ಮ ಯಾವ ಪ್ರಯೋಗಕ್ಕೂ ಇಲ್ಲದ ವೇಗದಲ್ಲಿ ಸಿದ್ಧವಾಯಿತು: ಚಾಲಕನು ಒದ್ದೆ ಅರಿವೆಯಿಂದ ಗಾಜು ಒರೆಸಿದ್ದರಿಂದ ಪದರ ಹಾಳಾಗಿದೆ, ಇದು ಆತನ ಅಜಾಗರೂಕತೆ. ಆ ಒಂದು ಪದ ಅಂಟಿದರೆ ಯಾವ ತಾಯಿತಂದೆಯೂ ಆ ಗಾಡಿಗೆ ಮಗುವನ್ನು ಹತ್ತಿಸುವುದಿಲ್ಲ. ಅಷ್ಟನ್ನು ಊಹಿಸಲು ಪದವಿ ಬೇಕಿರಲಿಲ್ಲ. ಪದವಿಗಳಿದ್ದವರು ಊಹಿಸುವ ಗೋಜಿಗೇ ಹೋಗಲಿಲ್ಲ.

ಹಳಿಯಾಳದಲ್ಲಿ ಪರಿಶೀಲನಾ ಸಭೆ ಕೂಡಿದಾಗ ಚಾಚಾ ಟೆಂಪೊ ತಂದು ಅಂಗಳದಲ್ಲಿ ನಿಲ್ಲಿಸಿದ್ದರು. ವರದಿ ಓದುವ ಮೊದಲು ಎಲ್ಲರೂ ಗಾಡಿಯಲ್ಲಿ ಕೂರಬೇಕೆಂದು ನಾನು ಹಟ ಹಿಡಿದೆ. ತೊಯ್ದ ಕೋಟು, ತೊಟ್ಟಿಕ್ಕುವ ಕೊಡೆಗಳೊಂದಿಗೆ ವಿದ್ವಾಂಸರು ಗೊಣಗುತ್ತ ಹತ್ತಿದರು. ಬಾಗಿಲು ಹಾಕಿಸಿದೆ. ಅವರ ಉಸಿರಿಗೇ ಗಾಜು ಬೆಳ್ಳಗಾಯಿತು. ಚಾಚಾ ಗುಂಡಿ ಒತ್ತಿದರು. ಅಂಚಿನಿಂದ ಅಂಚಿಗೆ ಗಾಜು ತಿಳಿಯಾಗುತ್ತ ಬಂತು, ಚಾಲಕನ ಕಣ್ಣಿನ ನೇರಕ್ಕೆ ಮಾತ್ರ ಮೂರು ಬಿಳಿ ಪಟ್ಟಿ ಅಡ್ಡಲಾಗಿ ಉಳಿದವು. ಹಸಿ ಲೇಪದೊಳಗೆ ನೀರು ಇಳಿದು ಪದರ ಸತ್ತ ಜಾಗ ಅದು.

"ಅರಿವಿಲೆ ಒರಸಿದ್ರ ಇಷ್ಟ ಚಂದ ಗೆರಿ ಮೂಡ್ತಾವೇನ್ರಿ ಸಾಹೇಬ್ರ?" ಎಂದು ಚಾಚಾ ಕೇಳಿದರು. ಯಾರೋ ಕೆಮ್ಮಿದರು. ಇನ್ನೊಬ್ಬರಿಗೆ ಥಟ್ಟನೆ ಚಹಾದ ನೆನಪಾಯಿತು.

ವರದಿ ತಿದ್ದಿದರು. ಅಜಾಗರೂಕತೆ ಹೋಗಿ, ಆ ಜಾಗಕ್ಕೆ "ಈ ಪ್ರದೇಶದ ಅತಿಯಾದ ಆರ್ದ್ರತೆ" ಬಂದು ಕುಳಿತಿತು. ಯಾವ ತೇವವನ್ನು ತಡೆಯುತ್ತೇವೆಂದು ಅನುದಾನ ಪಡೆದು ಈ ಕಾಡಿಗೆ ಬಂದಿದ್ದರೋ, ಆ ತೇವವೇ ಈಗ ಆರೋಪಿ. ಮಳೆ ಮೇಲ್ಮನವಿ ಸಲ್ಲಿಸುವುದಿಲ್ಲವಲ್ಲ.

ಚಾಚಾ ಬರಿಯ ಗಾಜು ಹಾಕಿಸಿಕೊಂಡರು. ಮಕ್ಕಳು ಅದೇ ಗಾಡಿಯಲ್ಲಿ ಶಾಲೆಗೆ ಹೋಗುತ್ತಿದ್ದಾರೆ. "ನನ್ನ ಮ್ಯಾಲಿಂದು ಹೋತಲ್ಲ, ಸಾಕು ಬಿಡು ತಂಗಿ" ಎಂದರು. ಅವರಿಗೆ ಸಾಕಾಗಿದ್ದು ಸಹಜ.

ಮರುದಿನ ಮಾರ್ಗದರ್ಶಕರು ನನ್ನನ್ನು ಕೋಣೆಗೆ ಕರೆಸಿ, ವರದಿಯ ಕೊನೆಯ ಪುಟ ತೆರೆದು ನನ್ನ ಸಹಿಗಾಗಿ ಪೆನ್ನು ಮುಂದೆ ಚಾಚಿದರು.

"ಅಂವನ ಹೆಸರು ತಗದೀವಲ್ಲ. ಇನ್ನೇನ್ ಬೇಕು ನಿನಗ?"

"ಅವರ ಹೆಸರಿದ್ದ ಜಾಗಾದಾಗ ನಿಮ್ಮ ಹೆಸರು ಬೇಕ್ರಿ ಸರ್."

ಅವರು ಪೆನ್ನು ಹಿಂದಕ್ಕೆ ತೆಗೆದುಕೊಂಡರು. ನನ್ನ ಮಹಾಪ್ರಬಂಧ ಒಪ್ಪಿಗೆ ಸಿಗದೆ ಅವರ ಮೇಜಿನ ಮೇಲೆ ಇನ್ನೂ ಹಾಗೆಯೇ ಬಿದ್ದಿದೆ.